ನಾಲಿಗೆ ಬೆಳ್ಳಗಾಗಿದೆಯಾ? ಗುಳಿಗೆ ಕೇಳುವ ಮೊದಲು ಒಂದು ಸಲ ಒರೆಸಿ ನೋಡಿ

ಬನಹಟ್ಟಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಕೌಂಟರ್‌ಗೆ ಬಂದವರು ಎಷ್ಟೋ ಸಲ ಚೀಟಿ ಕೊಡೋದಿಲ್ಲ, ನಾಲಿಗೆ ಚಾಚುತ್ತಾರೆ. "ಅಕ್ಕಾರ, ನೋಡ್ರಿ, ಪೂರಾ ಬೆಳ್ಳಗ ಆಗೇತಿ. ಉಷ್ಣ ಆಗಿರಬೇಕು. ಒಂದು ಬಿ-ಕಾಂಪ್ಲೆಕ್ಸ್ ಕೊಟ್ಟಬಿಡ್ರಿ." ಹಿಂದೆ ನಿಂತವರೂ ಬಗ್ಗಿ ನೋಡುತ್ತಾರೆ, ಅವರದ್ದೂ ಒಂದು ಸಲಹೆ ಇರುತ್ತದೆ. ಯಾರೋ ಒಬ್ಬರು ಮಜ್ಜಿಗೆ ಕುಡಿ ಅನ್ನುತ್ತಾರೆ, ಇನ್ನೊಬ್ಬರು ಸಬ್ಜಾ ಬೀಜ ನೆನೆಸು ಅನ್ನುತ್ತಾರೆ.

ನಾನು ಫಾರ್ಮಸಿ ಓದಿದವಳು, ಡಾಕ್ಟರ್ ಅಲ್ಲ. ನಿಮಗೆ ಇಂಥದ್ದೇ ಕಾಯಿಲೆ ಅಂತ ಹೇಳೋದು ನನ್ನ ಕೆಲಸವಲ್ಲ. ಆದರೆ ಯಾವುದಕ್ಕೆ ಔಷಧಿಯೇ ಬೇಡ, ಯಾವುದಕ್ಕೆ ನನ್ನ ಅಂಗಡಿ ದಾಟಿ ಡಾಕ್ಟರ್ ಹತ್ತಿರ ಹೋಗಬೇಕು ಅನ್ನೋದು ಹೇಳಬಲ್ಲೆ. ಬಿಳಿ ನಾಲಿಗೆ ತೋರಿಸುವವರಲ್ಲಿ ಜಾಸ್ತಿ ಜನಕ್ಕೆ ಬೇಕಾಗಿರೋದು ಗುಳಿಗೆಯಲ್ಲ. ಒಂದು ಸ್ಟೀಲ್ ಪಟ್ಟಿ, ಒಂದೆರಡು ತಂಬಿಗೆ ನೀರು ಸಾಕು. ಉಳಿದ ಕೆಲವರಿಗೆ ಬಿ-ಕಾಂಪ್ಲೆಕ್ಸ್ ಕೊಟ್ಟರೆ ತೊಂದರೆ ಮುಚ್ಚಿಹೋಗುತ್ತದೆ, ದಿನ ಹಾಳಾಗುತ್ತದೆ. ಈ ಇಬ್ಬರನ್ನೂ ಬೇರೆ ಮಾಡೋದು ಹೇಗೆ ಅನ್ನೋದೇ ಮುಖ್ಯ. ಅದಕ್ಕೆ ಬಣ್ಣ ಒಂದೇ ನೋಡಿದರೆ ಸಾಲದು. ಒರೆಸಿದರೆ ಹೋಗುತ್ತದಾ, ಹೋದ ಮೇಲೆ ಕೆಳಗೆ ಏನು ಕಾಣುತ್ತದೆ, ಇದನ್ನು ನೋಡಬೇಕು.

ಒರೆಸಿ ನೋಡುವ ಕ್ರಮ

ಬೆಳಿಗ್ಗೆ ಎದ್ದಾಗ, ಚಹಾ ಕುಡಿಯುವ ಮೊದಲು ನೋಡಿ. ಟ್ಯೂಬ್‌ಲೈಟ್ ಕೆಳಗೆ ಬೇಡ. ಬಾಗಿಲ ಹತ್ತಿರ ಬಿಸಿಲ ಬೆಳಕಿಗೆ ನಿಂತು ಕನ್ನಡಿ ಹಿಡಿಯಿರಿ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡಿ, ಮುಂದೆ ಹೋಲಿಸಿ ನೋಡಲು ಬರುತ್ತದೆ. ನೀರಲ್ಲಿ ಬಾಯಿ ಮುಕ್ಕಳಿಸಿ. ಆಮೇಲೆ ಸ್ವಚ್ಛವಾದ ತೆಳು ಅರಿವೆ ತುಂಡನ್ನು ಬೆರಳಿಗೆ ಸುತ್ತಿ, ಬಿಳಿ ಇರುವ ಕಡೆ ಹಗುರವಾಗಿ ಎಳೆಯಿರಿ.

ಮೂರರಲ್ಲಿ ಒಂದು ಆಗುತ್ತದೆ. ಪೊರೆ ಸುಲಭವಾಗಿ ಬಂದು, ಕೆಳಗೆ ಗುಲಾಬಿ ಬಣ್ಣದ ನಾಲಿಗೆ ಕಂಡರೆ ಅದು ಬರೀ ಮಡ್ಡಿ. ತೊಳೆದರೆ ಹೋಗುವಂಥದ್ದು. ಎರಡನೆಯದು, ಬಿಳಿ ಚೂರುಗಳು ಎದ್ದು ಬಂದು ಕೆಳಗೆ ಕೆಂಪಗೆ ಹಸಿ ಗಾಯದಂತೆ ಕಾಣೋದು, ಉರಿಯೋದು, ಚೂರು ರಕ್ತ ಬರೋದು. ಇದು ಶಿಲೀಂಧ್ರ, ಅಂದರೆ ಫಂಗಸ್ ಇರಬಹುದು. ಮೂರನೆಯದು, ಎಷ್ಟು ಒರೆಸಿದರೂ ಬಿಳಿ ಹೋಗದೇ ಇರೋದು. ಒಂದೇ ಜಾಗದಲ್ಲಿ, ನಾಲಿಗೆಯ ಪಕ್ಕಕ್ಕೋ ಕೆಳಗೋ ಅಂಟಿಕೊಂಡಿರೋದು. ಇದನ್ನು ಡಾಕ್ಟರ್ ನೋಡಲೇಬೇಕು. ಇಲ್ಲಿ ಉಗುರು ಹಾಕಿ ಕೆರೆಯಬೇಡಿ.

ನೋಡುವಾಗ ನಡು ನಾಲಿಗೆ ಒಂದೇ ನೋಡಿ ಮುಗಿಸಬೇಡಿ. ತುದಿಯನ್ನು ಅರಿವೆಯಿಂದ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆದು ಅಂಚು ನೋಡಿ. ಮೇಲಕ್ಕೆತ್ತಿ ಕೆಳಭಾಗ ನೋಡಿ. ಅಲ್ಲಿ ನೀಲಿ ರಕ್ತನಾಳ ಕಾಣೋದು ಸಹಜ. ಹಿಂದೆ, ಗಂಟಲ ಹತ್ತಿರ ದೊಡ್ಡ ಗುಳ್ಳೆಗಳು ಸಾಲಾಗಿ ಕಂಡರೆ ಹೆದರಬೇಡಿ. ಅವು ಎಲ್ಲರಿಗೂ ಹುಟ್ಟಿನಿಂದ ಇರುವ ರುಚಿ ಮೊಗ್ಗಿನ ದಿಬ್ಬಗಳು, ಸಾಮಾನ್ಯವಾಗಿ 8ರಿಂದ 12 ಇರುತ್ತವೆ. ಕನ್ನಡಿಯಲ್ಲಿ ಮೊದಲ ಸಲ ನೋಡಿ ಕ್ಯಾನ್ಸರ್ ಅಂತ ರಾತ್ರಿ ನಿದ್ದೆ ಬಿಟ್ಟು ಬಂದವರಿದ್ದಾರೆ.

ಮಡ್ಡಿ ಯಾಕೆ ಕೂರುತ್ತದೆ

ನಾಲಿಗೆಯ ಮೇಲ್ಮೈ ನಮ್ಮೂರಲ್ಲಿ ನೇಯುವ ಟರ್ಕಿ ಟವೆಲ್ ಇದ್ದ ಹಾಗೆ. ಮೇಲೆಲ್ಲ ಸಣ್ಣ ಸಣ್ಣ ಎಳೆ ನಿಂತಿರುತ್ತವೆ, ಒಂದು ಮಿಲಿಮೀಟರ್‌ಗಿಂತ ಚಿಕ್ಕವು. ಅವುಗಳ ತುದಿ ದಿನಾ ಸವೆದು ಉದುರಬೇಕು, ಕೆಳಗಿನಿಂದ ಹೊಸದು ಬರಬೇಕು. ಉದುರೋದು ನಿಂತರೆ ಎಳೆ ಉದ್ದ ಆಗುತ್ತದೆ. ಅದರ ನಡುವೆ ಸತ್ತ ಚರ್ಮದ ಕಣ, ಅನ್ನದ ಅಗುಳಿನ ಪುಡಿ, ಬ್ಯಾಕ್ಟೀರಿಯಾ ಎಲ್ಲ ಸಿಕ್ಕಿಕೊಳ್ಳುತ್ತವೆ. ಬೆಳಿಗ್ಗೆ ಬಾಯಿ ವಾಸನೆ ಬರೋದೂ ಬಹುಮಟ್ಟಿಗೆ ಇಲ್ಲಿಂದಲೇ. ನಾಲಿಗೆಯ ಹಿಂಭಾಗದಲ್ಲಿ ಗಾಳಿಯಾಡದ ಕಡೆ ಕೂತ ಬ್ಯಾಕ್ಟೀರಿಯಾ ಗಂಧಕದ ಅನಿಲ ಬಿಡುತ್ತವೆ. ಹೊಟ್ಟೆ ಕೆಟ್ಟಿದೆ ಅಂತ ಜುಲಾಬಿನ ಔಷಧಿ ಕೇಳುವವರಿಗೆ ನಾನು ಮೊದಲು ನಾಲಿಗೆಯ ಹಿಂಭಾಗ ಉಜ್ಜಿ ನೋಡಿ ಅನ್ನುತ್ತೇನೆ.

ಎಳೆ ಸವೆಯಲು ಎರಡು ಬೇಕು. ಅಗಿಯುವ ಊಟ, ಸಾಕಷ್ಟು ಜೊಲ್ಲು. ಖಡಕ್ ಜೋಳದ ರೊಟ್ಟಿ, ಹಸಿ ಮೂಲಂಗಿ, ಸೌತೆಕಾಯಿ, ಮೆಂತ್ಯ ಪಲ್ಯೆ ತಿನ್ನುವವರ ನಾಲಿಗೆ ಊಟದಲ್ಲೇ ಅರ್ಧ ತಿಕ್ಕಿ ಹೋಗುತ್ತದೆ. ಅದೇ ಮನುಷ್ಯ ಜ್ವರ ಬಂದು ನಾಲ್ಕು ದಿನ ಗಂಜಿ, ಚಹಾ-ಬ್ರೆಡ್ ಮೇಲೆ ಇದ್ದರೆ ನಾಲಿಗೆ ಮೇಲೆ ದಪ್ಪ ಪೊರೆ ಬರುತ್ತದೆ. ಜ್ವರ ಹೋಗಿ ಊಟ ಶುರುವಾದರೆ ಅದೂ ಹೋಗುತ್ತದೆ. ಶ್ರಾವಣದ ಉಪವಾಸದಲ್ಲಿ, ರಂಜಾನ್ ರೋಜಾದಲ್ಲಿ ಬೆಳ್ಳಗಾಗೋದೂ ಹೀಗೆಯೇ.

ಜೊಲ್ಲಿನ ವಿಷಯಕ್ಕೆ ಬರೋಣ. ದೊಡ್ಡವರಿಗೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ನಿದ್ದೆಯಲ್ಲಿ ತೀರಾ ಕಡಿಮೆ. ಅದಕ್ಕೇ ಬೆಳಿಗ್ಗೆ ಎಲ್ಲರ ನಾಲಿಗೆಯೂ ಸ್ವಲ್ಪ ಬಿಳಿ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿ ಮಲಗಿದವರದ್ದು ಇನ್ನಷ್ಟು ಬಿಳಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಶೆಡ್ಡಿನಲ್ಲಿ ಮಗ್ಗದ ಮುಂದೆ ನಿಂತವರು ನೀರಿನ ಬದಲು ಅರ್ಧರ್ಧ ಕಪ್ ಚಹಾ ಕುಡಿಯುತ್ತಾ ದಿನ ಕಳೆಯುತ್ತಾರೆ. ಬೇಸಿಗೆಯಲ್ಲಿ ಕೌಂಟರ್ ಮುಂದೆ ನಾಲಿಗೆಗಳ ಸಾಲು ಉದ್ದ ಆಗೋದಕ್ಕೆ ಇದೇ ಕಾರಣ. "ಉಷ್ಣ ಆಗೇತಿ" ಅನ್ನೋದು ಅಷ್ಟರ ಮಟ್ಟಿಗೆ ಸುಳ್ಳೇನಲ್ಲ, ನೀರು ಕಮ್ಮಿಯಾಗಿದೆ ಅಷ್ಟೇ.

ಇನ್ನೊಂದು ಕಾರಣ ನಾನೇ ಮಾರುವ ಔಷಧಿಗಳು. ನೆಗಡಿ, ಅಲರ್ಜಿಯ ಸೆಟ್ರಿಜಿನ್, ಬಿಪಿಗೆ ಕೊಡುವ ಮೂತ್ರ ಹೋಗಿಸುವ ಗುಳಿಗೆ, ಮನಸ್ಸಿನ ಕಾಯಿಲೆಯ ಕೆಲವು ಗುಳಿಗೆ, ಇವೆಲ್ಲ ಬಾಯಿ ಒಣಗಿಸುತ್ತವೆ. ಹಾಗಂತ ನಿಲ್ಲಿಸಬೇಡಿ. ಡಾಕ್ಟರ್‌ಗೆ ಹೇಳಿ, ಬೇರೆ ಗುಳಿಗೆ ಇದ್ದರೆ ಅವರೇ ಬದಲಿಸುತ್ತಾರೆ.

ಉಜ್ಜುವ ರೀತಿ

ಪಟ್ಟಿ ಸ್ಟೀಲಿನದ್ದಾಗಲಿ ತಾಮ್ರದ್ದಾಗಲಿ, ವ್ಯತ್ಯಾಸ ಜಾಸ್ತಿ ಇಲ್ಲ. ನೋಡಬೇಕಾದ್ದು ಅಂಚು. ಕೊಳ್ಳುವ ಮೊದಲು ಹೆಬ್ಬೆರಳಿನಿಂದ ಅಂಚು ಸವರಿ ನೋಡಿ. ಹರಿತ ಇದ್ದರೆ, ಮುಳ್ಳು ಮುಳ್ಳು ತಾಗಿದರೆ ಬಿಟ್ಟುಬಿಡಿ. ಆಯುರ್ವೇದದ ಹಳೆಯ ಗ್ರಂಥಗಳಲ್ಲೂ ಈ ಪಟ್ಟಿ ಬಾಗಿರಬೇಕು, ಹರಿತ ಇರಬಾರದು ಅಂತಲೇ ಹೇಳಿದೆ. ಪ್ಲಾಸ್ಟಿಕ್‌ನದ್ದು ಆದರೆ ಬೇಗ ಅಂಚು ಕಿತ್ತುಬರುತ್ತದೆ, ಬದಲಿಸುತ್ತಿರಬೇಕು. ಬೇವಿನ ಕಡ್ಡಿ ಸೀಳಿ ಉಜ್ಜುವ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಹಸಿ ಕಡ್ಡಿ, ಸಿಬಿರು ತೆಗೆದಿದ್ದರೆ ತೊಂದರೆಯಿಲ್ಲ. ಏನೂ ಸಿಗದಿದ್ದರೆ ಮೆತ್ತನೆ ಬ್ರಷ್ ಸಾಕು.

ಹಲ್ಲು ಉಜ್ಜಿದ ಮೇಲೆ, ಬಾಯಿ ತೊಳೆದು, ನಾಲಿಗೆ ಪೂರ್ತಿ ಹೊರಗೆ ಚಾಚಿ. ಪಟ್ಟಿಯನ್ನು ಆರಾಮಾಗಿ ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟು ಹಿಂದೆ ಇಡಿ. ಒತ್ತಬೇಡಿ. ನಿಧಾನಕ್ಕೆ ಮುಂದಕ್ಕೆ ಎಳೆಯಿರಿ. ಯಾವಾಗಲೂ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಳ್ಳಬಾರದು. ಬಂದ ಮಡ್ಡಿ ತೊಳೆದು ಮತ್ತೆ ಎಳೆಯಿರಿ. ನಡುವೆ ಎರಡು ಮೂರು, ಆ ಪಕ್ಕ ಈ ಪಕ್ಕ ಒಂದೆರಡು, ಅಷ್ಟಕ್ಕೆ ಮುಗಿಯಿತು. ಪಟ್ಟಿಯನ್ನು ತೊಳೆದು ಒಣಗಲು ಇಡಿ. ಮನೆಮಂದಿಗೆಲ್ಲ ಒಂದೇ ಪಟ್ಟಿ ಬೇಡ, ಹೇಳಬೇಕಾಗಿಲ್ಲ ಅಲ್ವಾ? ಆದರೂ ಹೇಳುತ್ತೇನೆ, ಯಾಕಂದರೆ ಬಚ್ಚಲಮನೆ ಮೊಳೆಗೆ ತೂಗುಹಾಕಿದ ಒಂದೇ ಪಟ್ಟಿಯನ್ನು ಆರು ಜನ ಬಳಸುವ ಮನೆಗಳಿವೆ.

ವಾಕರಿಕೆ ಬರುತ್ತದೆ ಅಂತ ಬಿಡುವವರು ಜಾಸ್ತಿ. ಅದಕ್ಕೆ ಒಂದು ಉಪಾಯ. ಪಟ್ಟಿ ಎಳೆಯುವಾಗ ಉಸಿರು ಹೊರಗೆ ಬಿಡುತ್ತಾ ಇರಿ. ಮೊದಲ ದಿನಗಳಲ್ಲಿ ನಡು ನಾಲಿಗೆಯಿಂದ ಶುರು ಮಾಡಿ, ದಿನಾ ಸ್ವಲ್ಪ ಸ್ವಲ್ಪ ಹಿಂದಕ್ಕೆ ಹೋಗಿ. ಹೊಟ್ಟೆ ತುಂಬಿದಾಗ ಮಾಡಬೇಡಿ. ಇನ್ನು ಕೆಲವರು ಓಣಿಗೆಲ್ಲ ಕೇಳುವಂತೆ ಆ್ಯಕ್ ಆ್ಯಕ್ ಅಂತ ಗಂಟಲು ಹರಿದುಕೊಳ್ಳುತ್ತಾರೆ. ಪಿತ್ತ ಹೊರಗೆ ಬರಬೇಕು ಅನ್ನೋ ನಂಬಿಕೆ. ಬರೋದು ಹೊಟ್ಟೆಯ ಆಮ್ಲ, ಅದು ಹಲ್ಲು, ಗಂಟಲು ಎರಡನ್ನೂ ಸುಡುತ್ತದೆ.

ನಾಲಿಗೆ ಕೆಂಪಾಗುವವರೆಗೆ ಉಜ್ಜಬೇಕು ಅನ್ನೋದೂ ತಪ್ಪು. ತೆಳ್ಳಗಿನ ಬಿಳಿ ಛಾಯೆ ಆರೋಗ್ಯವಂತ ನಾಲಿಗೆಯಲ್ಲೂ ಇರುತ್ತದೆ. ನಿಂಬೆಹಣ್ಣು, ಅಡುಗೆ ಸೋಡಾ, ಕಲ್ಲುಪ್ಪು ಹಾಕಿ ತಿಕ್ಕೋದು ಬೇಡ. ಉಪ್ಪು ಬೇಕೇ ಬೇಕು ಅಂದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಹಾಕಿ ಮುಕ್ಕಳಿಸಿ ಉಗುಳಿ. ಹಲ್ಲಿನ ಸೆಟ್ ಹಾಕುವವರು ರಾತ್ರಿ ಅದನ್ನು ತೆಗೆದು, ಬ್ರಷ್‌ನಿಂದ ತೊಳೆದು, ನೀರಲ್ಲಿ ಇಟ್ಟು ಮಲಗಬೇಕು.

ಒಂದೆರಡು ವಾರ ಹೀಗೆ ಮಾಡಿ, ನೀರು ಸರಿಯಾಗಿ ಕುಡಿದರೆ ಸಾಮಾನ್ಯ ಮಡ್ಡಿ ಕಡಿಮೆಯಾಗುತ್ತದೆ. ಆಗದಿದ್ದರೆ ಮುಂದೆ ಓದಿ.

ಬಣ್ಣ ಬಣ್ಣದ ನಾಲಿಗೆ

ನೇರಳೆ ಹಣ್ಣು ತಿಂದರೆ ನೀಲಿ, ಜಾತ್ರೆಯಲ್ಲಿ ಬರ್ಫದ ಗೋಲಾ ತಿಂದರೆ ಹಸಿರು, ಎಲೆ ಅಡಿಕೆಗೆ ಕೆಂಪು. ಇವೆಲ್ಲ ಗೊತ್ತಿದ್ದದ್ದೇ. ಕಬ್ಬಿಣಾಂಶದ ಟಾನಿಕ್ ಕುಡಿದರೂ ನಾಲಿಗೆ ಕಪ್ಪಾಗುತ್ತದೆ, ಕುಡಿದ ಮೇಲೆ ಬಾಯಿ ತೊಳೆದರೆ ಸಾಕು. ಹೊಟ್ಟೆ ಹುಣ್ಣಿಗೆ ಕೊಡುವ ಬಿಸ್ಮತ್ ಇರುವ ಗುಳಿಗೆ ಇನ್ನೂ ತಮಾಷೆ. ಬಾಯಿಯಲ್ಲಿರುವ ಗಂಧಕದ ಜೊತೆ ಸೇರಿ ನಾಲಿಗೆಯನ್ನು ಒಂದೇ ರಾತ್ರಿಯಲ್ಲಿ ಕರ್ರಗೆ ಮಾಡುತ್ತದೆ. ಮಲವೂ ಕಪ್ಪಾಗುತ್ತದೆ. ಗುಳಿಗೆ ನಿಂತ ಮೇಲೆ ತಾನೇ ಹೋಗುತ್ತದೆ. ಆದರೆ ಇಂಥ ಗುಳಿಗೆ, ಕಬ್ಬಿಣದ ಔಷಧಿ ಏನೂ ತೆಗೆದುಕೊಳ್ಳದೆ ಮಲ ಡಾಂಬರಿನಂತೆ ಕಪ್ಪಾದರೆ ತಕ್ಷಣ ಡಾಕ್ಟರ್ ನೋಡಿ, ಒಳಗೆ ರಕ್ತ ಹೋಗುತ್ತಿರಬಹುದು.

ನಿಜವಾಗಿ ಜನ ಬೆಚ್ಚಿ ಓಡಿ ಬರೋದು ಕೂದಲು ಬಂದಂತೆ ಕಾಣುವ ಕಪ್ಪು ನಾಲಿಗೆಗೆ. ಕೂದಲೇನೂ ಬಂದಿರೋದಿಲ್ಲ. ಮೇಲೆ ಹೇಳಿದ ಎಳೆಗಳು ಉದುರದೆ ಉದ್ದ ಆಗಿರುತ್ತವೆ, ಕೆಲವರಿಗೆ ಒಂದು ಸೆಂಟಿಮೀಟರ್ ದಾಟುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಕಪ್ಪು. ಬೀಡಿ ಸಿಗರೇಟು, ಜಾಸ್ತಿ ಚಹಾ ಕಾಫಿ, ಒಣ ಬಾಯಿ, ಆಂಟಿಬಯಾಟಿಕ್ ಕೋರ್ಸ್, ಇವು ಮುಖ್ಯ ಕಾರಣ. ನೋಡಲು ಭಯ, ಒಳಗೆ ಅಪಾಯ ಕಡಿಮೆ. ಕಾರಣ ತೆಗೆದು, ಮೆತ್ತನೆ ಬ್ರಷ್‌ನಿಂದ ದಿನಾ ಎರಡು ಸಲ ಉಜ್ಜಿದರೆ ವಾರಗಳಲ್ಲಿ ಸರಿಹೋಗುತ್ತದೆ.

ಇಲ್ಲಿ ಮೌತ್‌ವಾಷ್ ಬಗ್ಗೆ ಒಂದು ಮಾತು. ಕ್ಲೋರ್‌ಹೆಕ್ಸಿಡಿನ್ ಅನ್ನೋ ಮೌತ್‌ವಾಷ್ ಅನ್ನು ಡೆಂಟಿಸ್ಟ್ ಹಲ್ಲು ಕಿತ್ತಾಗಲೋ ವಸಡಿಗೋ ಒಂದೆರಡು ವಾರಕ್ಕೆ ಬರೆದಿರುತ್ತಾರೆ. ಬಾಯಿ ಫ್ರೆಶ್ ಅನ್ನಿಸುತ್ತದೆ ಅಂತ ಜನ ಬಾಟಲಿ ಮೇಲೆ ಬಾಟಲಿ ಒಯ್ಯುತ್ತಾರೆ. ತಿಂಗಳುಗಟ್ಟಲೆ ಬಳಸಿದರೆ ಅದೇ ಹಲ್ಲು, ನಾಲಿಗೆಗೆ ಕಂದು ಬಣ್ಣ ಕೊಡುತ್ತದೆ, ರುಚಿಯನ್ನೂ ಕೆಡಿಸುತ್ತದೆ. ಅದನ್ನು ಹಾಕಿ ತಕ್ಷಣ ಚಹಾ ಕುಡಿದರೆ ಕಲೆ ಇನ್ನೂ ಗಟ್ಟಿ. ಕಲೆ ಹೋಗಲಿ ಅಂತ ಅದೇ ಮೌತ್‌ವಾಷ್ ಇನ್ನೊಂದು ಬಾಟಲಿ ಕೇಳುವವರಿಗೆ ನಾನು ಕೊಡೋದಿಲ್ಲ. ವ್ಯಾಪಾರ ಹೋದರೆ ಹೋಗಲಿ.

ಹಳದಿ ನಾಲಿಗೆ ಅಂದ ಕೂಡಲೇ ಕಾಮಾಲೆ ಅಂತ ಗಾಬರಿಯಾಗಬೇಡಿ. ಕಾಮಾಲೆಯಲ್ಲಿ ಕಣ್ಣಿನ ಬಿಳಿ ಹಳದಿಯಾಗುತ್ತದೆ, ನಾಲಿಗೆಯ ಕೆಳಭಾಗವೂ ಹಳದಿ ಕಾಣುತ್ತದೆ, ಮೂತ್ರ ಗಾಢ ಆಗುತ್ತದೆ. ಮೇಲ್ಭಾಗ ಒಂದೇ ಹಳದಿ, ಕಣ್ಣು ಬೆಳ್ಳಗಿದ್ದರೆ ಬಹುತೇಕ ಮಡ್ಡಿಯೇ. ಹಾಂ, ಬಿ-ಕಾಂಪ್ಲೆಕ್ಸ್ ನುಂಗಿದವರಿಗೂ ಮೂತ್ರ ಗಾಢ ಹಳದಿ ಬರುತ್ತದೆ, ಅದು ಅದರಲ್ಲಿರುವ ಬಿ2 ಬಣ್ಣ.

ನಾಲಿಗೆ ಮೇಲೆ ಕೆಂಪು ತೇಪೆ, ಸುತ್ತ ಬಿಳಿ ಅಂಚು, ಇವತ್ತು ಇಲ್ಲಿ ಇದ್ದದ್ದು ವಾರದ ನಂತರ ಬೇರೆ ಕಡೆ. ಇದಕ್ಕೆ ಭೂಪಟ ನಾಲಿಗೆ ಅನ್ನುತ್ತಾರೆ. ನೂರರಲ್ಲಿ ಒಬ್ಬರಿಂದ ಮೂವರಿಗೆ ಇರುತ್ತದೆ, ಅಂಟುವುದಿಲ್ಲ, ಕ್ಯಾನ್ಸರ್ ಅಲ್ಲ. ಖಾರ ಹತ್ತಿದರೆ ಆ ವಾರ ಕೆಂಪು ಚಟ್ನಿ ಬಿಡಿ, ಸಾಕು.

ಫಂಗಸ್ ಬರುವವರು

ಅಸ್ತಮಾಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಎಳೆಯುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಹಗಲು ರಾತ್ರಿ ಹಲ್ಲಿನ ಸೆಟ್ ಹಾಕಿಕೊಂಡೇ ಇರುವವರು, ಆಂಟಿಬಯಾಟಿಕ್ ಮುಗಿಸಿದವರು, ಹಾಲುಣ್ಣುವ ಕೂಸುಗಳು. ಇವರಲ್ಲಿ ಒರೆಸಿದರೆ ಕೆಳಗೆ ಕೆಂಪಾಗುವ ಬಿಳಿ ಬರೋದು ಜಾಸ್ತಿ. ಇನ್‌ಹೇಲರ್ ಎಳೆದ ಮೇಲೆ ಪ್ರತಿ ಸಲ ಬಾಯಿ, ಗಂಟಲು ಮುಕ್ಕಳಿಸಿ ನೀರು ಉಗುಳಬೇಕು. ಇಷ್ಟು ಮಾಡಿದರೆ ಎಷ್ಟೋ ಜನಕ್ಕೆ ಬರೋದೇ ಇಲ್ಲ. ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ ಅಂದುಕೊಂಡವರಿಗೆ ಮೇಲಿಂದ ಮೇಲೆ ಬಾಯಲ್ಲಿ ಫಂಗಸ್ ಬಂದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಇದಕ್ಕೆ ಫಂಗಸ್ ಔಷಧಿಯೇ ಬೇಕು, ಡಾಕ್ಟರ್ ನೋಡಿ ಬರೆಯಬೇಕು. ಪಕ್ಕದ ಮನೆಯವರಿಗೆ ಬಾಯಿ ಹುಣ್ಣಿಗೆ ಕೊಟ್ಟ ಮುಲಾಮು ತಂದು ಹಚ್ಚಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಫಂಗಸ್‌ಗೆ ಹಬ್ಬ.

ಕೂಸಿನ ಬಾಯಿ ಬೇರೆ. ಹಾಲು ಕುಡಿದ ಬಿಳಿ ಒದ್ದೆ ಅರಿವೆಯಿಂದ ಹಗುರ ಒರೆಸಿದರೆ ಹೋಗುತ್ತದೆ. ಹೋಗದೆ ಅಂಟಿದ್ದರೆ, ಕೆನ್ನೆ ಒಳಗೂ ಇದ್ದರೆ, ಕೂಸು ಮೊಲೆ ಹಿಡಿದು ಬಿಟ್ಟು ಅಳುತ್ತಿದ್ದರೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ತಾಯಿಗೂ ಔಷಧಿ ಹಚ್ಚಬೇಕಾಗಬಹುದು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಬಾಣಂತಿ ಮನೆಗೆ ಬರುವ ಹಿರಿಯರು ಜೇನುತುಪ್ಪ ಸವರಿ ಅನ್ನುತ್ತಾರೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಗಳು ಕೂಸಿನ ಕರುಳಲ್ಲಿ ವಿಷ ಮಾಡಬಲ್ಲವು. ಬಿಳಿಗಾರ, ಅಂದರೆ ಬೋರಾಕ್ಸ್ ಹಚ್ಚೋದೂ ಬೇಡ, ಕೂಸಿಗೆ ಅದು ವಿಷ.

ನುಣುಪಾದ ಕೆಂಪು, ಸಪ್ಪೆ ಬಿಳಿ

ಬಿ-ಕಾಂಪ್ಲೆಕ್ಸ್ ವಿಷಯ ಇಲ್ಲಿ ಬರುತ್ತದೆ. ಒಬ್ಬ ಅಜ್ಜಿ ಬಹಳ ದಿನದಿಂದ ಸ್ಟ್ರಿಪ್ ಮೇಲೆ ಸ್ಟ್ರಿಪ್ ಒಯ್ಯುತ್ತಿದ್ದರು. ನಾಲಿಗೆ ತೋರಿಸಿ ಅಂದೆ. ಎಳೆಗಳೇ ಇಲ್ಲ, ಕೆಂಪಗೆ, ಮಿರಿಮಿರಿ ನುಣುಪು, ಅಂಚಿನಲ್ಲಿ ಹಲ್ಲಿನ ಗುರುತು. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡರೂ ಕಣ್ಣಲ್ಲಿ ನೀರು ಬರುತ್ತದೆ ಅಂದರು. ಹುಟ್ಟಿನಿಂದ ಶಾಕಾಹಾರ, ಮೇಲೆ ಹತ್ತಾರು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್. ಪಾದದಲ್ಲಿ ಜುಮುಜುಮು ಬೇರೆ. ಇವಿಷ್ಟೂ ಒಟ್ಟಿಗೆ ಕಂಡರೆ ಬಿ12 ಕೊರತೆ ಅನುಮಾನ ಬರಲೇಬೇಕು. ಮಗನಿಗೆ ಹೇಳಿ ಡಾಕ್ಟರ್ ಹತ್ತಿರ ಕಳಿಸಿದೆ. ರಕ್ತದಲ್ಲಿ ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾದ ಮೇಲೆ ನಾಲಿಗೆ ಉರಿ ಇಳಿಯಿತು, ಕಾಲಿನ ಜುಮುಜುಮು ಹೋಗಲು ಬಹಳ ತಿಂಗಳು ಬೇಕಾಯಿತು.

ಬಿ12 ಸಿಗೋದು ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನಿನಲ್ಲಿ. ಕಾಳು ಸೊಪ್ಪಿನಲ್ಲಿ ಇಲ್ಲ. ಮೆಟ್‌ಫಾರ್ಮಿನ್ ಮತ್ತು ಆ್ಯಸಿಡಿಟಿಗೆ ಕೊಡುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಗುಳಿಗೆ ವರ್ಷಗಟ್ಟಲೆ ನುಂಗಿದರೆ ಅದನ್ನು ದೇಹ ಹೀರಿಕೊಳ್ಳೋದು ಕಡಿಮೆಯಾಗಬಹುದು. ಆಗ ಮಾಮೂಲಿ ಕ್ಯಾಪ್ಸೂಲ್‌ನಲ್ಲಿರುವಷ್ಟು ಬಿ12 ಸಾಲುವುದಿಲ್ಲ. ಇನ್ನೊಂದು ತೊಂದರೆ, ಅದರಲ್ಲಿರುವ ಫೋಲಿಕ್ ಆ್ಯಸಿಡ್ ರಕ್ತವನ್ನು ಸರಿಯಿದ್ದಂತೆ ತೋರಿಸುತ್ತದೆ, ನರ ಮಾತ್ರ ಹಾಳಾಗುತ್ತಾ ಹೋಗುತ್ತದೆ. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ಗುಳಿಗೆ.

ಪೊರೆಯೇನೂ ಇಲ್ಲದೆ ನಾಲಿಗೆಯ ಮಾಂಸವೇ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆ ಇರಬಹುದು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಉಗುರು ನೋಡಿ. ಮುಟ್ಟು ಜಾಸ್ತಿ ಹೋಗುವ ಹೆಣ್ಣುಮಕ್ಕಳು, ಬಸುರಿಯರು ಇದನ್ನು ಬಿಡಬಾರದು. ಸರಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಆಗುತ್ತದೆ. ಊಟ ಮುಗಿದ ಕೂಡಲೇ ಚಹಾ ಕುಡಿಯುವ ನಮ್ಮ ಚಾಳಿ ಊಟದ ಕಬ್ಬಿಣಾಂಶವನ್ನು ಹಿಡಿದಿಡುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ. ಪಲ್ಯೆಗೆ ನಿಂಬೆ ಹಿಂಡಿ.

ಹೋಗದ ಬಿಳಿ

ರಬಕವಿ, ಬನಹಟ್ಟಿಯಲ್ಲಿ ರಾತ್ರಿ ಪಾಳಿ ಪವರ್‌ಲೂಮ್ ಓಡಿಸುವವರಿಗೆ ನಿದ್ದೆ ತಡೆಯಲು ತಂಬಾಕು ಬೇಕು. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ, ಕೆಳತುಟಿಯ ಒಳಗೆ ಇಟ್ಟುಕೊಂಡರೆ ಬೆಳಗಿನವರೆಗೆ ಎಳೆ ಕಾಯುತ್ತಾರೆ. ಹಿರಿಯ ಹೆಣ್ಣುಮಕ್ಕಳಲ್ಲಿ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ರೂಢಿ ಇದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯಿತು. ಆಮೇಲೆ ಪಾನ್ ಮಸಾಲಾ ಒಂದು ಚೀಟು, ತಂಬಾಕು ಒಂದು ಚೀಟು ಕೊಂಡು ಬಾಯಲ್ಲೇ ಕಲಸುತ್ತಿದ್ದಾರೆ, ಅಷ್ಟೇ ಬದಲಾವಣೆ. ತಂಬಾಕು ಇಲ್ಲ, ಬರೀ ಅಡಿಕೆ ಅನ್ನುವವರೂ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಒಬ್ಬ ನೇಕಾರರು ಸ್ಟೀಲ್ ಪಟ್ಟಿ ವಾಪಸ್ ತಂದರು. ಇದು ಸರಿಯಿಲ್ಲ, ಎಷ್ಟು ತಿಕ್ಕಿದರೂ ಹೋಗವಲ್ದು ಅಂತ ಜಗಳ. ನಾಲಿಗೆಯ ಎಡ ಅಂಚಿನಲ್ಲಿ ಬೆರಳುಗುರಿನಷ್ಟು ಬಿಳಿ ತೇಪೆ. ಸುತ್ತ ತಿಕ್ಕಿ ತಿಕ್ಕಿ ಗಾಯ. ನೋವಿಲ್ಲ, ಅದಕ್ಕೇ ಧೈರ್ಯ. ನೋವಿಲ್ಲ ಅನ್ನೋದೇ ಇಲ್ಲಿ ಮೋಸ. ಬಾಗಲಕೋಟೆಗೆ ಹೋಗಿ ತೋರಿಸಿ ಅಂದೆ. ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಆಗಿರಲಿಲ್ಲ, ಆದರೆ ಮುಂದೆ ಆಗಬಹುದಾದ ತೇಪೆ, ತಂಬಾಕು ಬಿಡಿ, ತಪ್ಪದೆ ಬಂದು ತೋರಿಸುತ್ತಿರಿ ಅಂದರು. ಬಿಟ್ಟರಾ ಅಂತ ಕೇಳಿದರೆ, ಹಗಲು ಬಿಟ್ಟಿದ್ದಾರೆ. ರಾತ್ರಿಯದ್ದಕ್ಕೆ ಇನ್ನೂ ಜಗ್ಗಾಟ ನಡೆದಿದೆ. ಬಿಡಲು ಸಹಾಯ ಬೇಕಾದವರಿಗೆ ತಂಬಾಕಿನ ಪೊಟ್ಟಣದ ಮೇಲೆಯೇ 1800-11-2356 ಅನ್ನೋ ಉಚಿತ ನಂಬರ್ ಇರುತ್ತದೆ. ಅದು ಸರಕಾರದ ಸಹಾಯವಾಣಿ.

ಅಡಿಕೆ, ಮಸಾಲಾ ಅಗಿಯುವವರು ಇನ್ನೊಂದು ಪರೀಕ್ಷೆ ಮಾಡಿಕೊಳ್ಳಿ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಇಟ್ಟು ನೋಡಿ. ಮೂರೂ ಹೋಗಬೇಕು. ಎರಡೇ ಹೋದರೆ, ಸ್ವಲ್ಪ ಖಾರಕ್ಕೂ ಬಾಯಿ ಉರಿದರೆ, ನಾಲಿಗೆ ಮೊದಲಿನಷ್ಟು ಹೊರಗೆ ಬರದಿದ್ದರೆ, ಕೆನ್ನೆಯ ಒಳಗೆ ಬಿಳಿ ಪಟ್ಟಿ ಬಿಗಿದಂತೆ ತಾಗಿದರೆ ತಡಮಾಡಬೇಡಿ. ಬಾಯಿ ಒಳಗಿನ ಚರ್ಮ ಗಡುಸಾಗುತ್ತಾ ಬರುವ ಕಾಯಿಲೆ ಇದು. ಬಿಗಿದದ್ದು ಪೂರ್ತಿ ಸಡಿಲ ಆಗೋದು ಕಷ್ಟ, ಮುಂದೆ ಬಿಗಿಯದಂತೆ ತಡೆಯಬಹುದು.

ಬಿಳಿಯಾಗಲಿ ಕೆಂಪಾಗಲಿ ಹೋಗದ ತೇಪೆ, ಎರಡು ವಾರದಲ್ಲಿ ಮಾಯದ ಹುಣ್ಣು, ಗಟ್ಟಿ ಗಂಟು, ಕಾರಣವಿಲ್ಲದ ರಕ್ತ, ನುಂಗಲು ಕಷ್ಟ, ಕುತ್ತಿಗೆಯಲ್ಲಿ ಗಡ್ಡೆ. ಇವುಗಳಲ್ಲಿ ಒಂದಿದ್ದರೂ ಡೆಂಟಿಸ್ಟ್ ಅಥವಾ ಕಿವಿ-ಮೂಗು-ಗಂಟಲು ಡಾಕ್ಟರ್ ನೋಡಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಡೆಂಟಲ್ ಕಾಲೇಜುಗಳಿವೆ. ಮುರಿದ ಹಲ್ಲಿನ ಮೊನೆ ನಾಲಿಗೆಗೆ ತಾಗಿ ಹುಣ್ಣು ಆಗಿದ್ದರೂ ಅವರೇ ಮೊನೆ ಉಜ್ಜಿ ಕೊಡುತ್ತಾರೆ.

ಕಾಯಬಾರದ ಸಂಗತಿಗಳೂ ಇವೆ. ನಾಲಿಗೆ, ತುಟಿ ನೀಲಿಯಾಗಿ ಉಸಿರು ಕಟ್ಟುವುದು. ಗುಳಿಗೆ ನುಂಗಿದ ಮೇಲೋ ಹುಳ ಕಚ್ಚಿದ ಮೇಲೋ ನಾಲಿಗೆ ಊದುವುದು. ಇವಕ್ಕೆ 108ಕ್ಕೆ ಫೋನ್ ಮಾಡಿ. ಮಗುವಿಗೆ ಜ್ವರ ಇಳಿಯದೆ, ನಾಲಿಗೆ ಕೆಂಪಗೆ ಗುಳ್ಳೆ ಗುಳ್ಳೆಯಾಗಿ, ಮೈಮೇಲೆ ದದ್ದು ಎದ್ದರೆ ಅದೇ ದಿನ ಮಕ್ಕಳ ಡಾಕ್ಟರ್.

ಡಾಕ್ಟರ್ ಹತ್ತಿರ ಹೋಗುವ ದಿನ ಬೆಳಿಗ್ಗೆ ನಾಲಿಗೆ ಉಜ್ಜಬೇಡಿ, ಎಲೆ ಅಡಿಕೆ ಹಾಕಬೇಡಿ, ಅರಿಶಿನ ಹಾಲು ಕುಡಿಯಬೇಡಿ. ಇದ್ದದ್ದು ಇದ್ದ ಹಾಗೆ ಕಾಣಲಿ. ಮನೆಯಲ್ಲಿ ನುಂಗುತ್ತಿರುವ ಎಲ್ಲ ಗುಳಿಗೆಗಳ ಸ್ಟ್ರಿಪ್, ಮೌತ್‌ವಾಷ್ ಬಾಟಲಿ, ಇನ್‌ಹೇಲರ್, ನಾಟಿ ಔಷಧಿಯ ಪುಡಿ ಸಹ, ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. ಹಲ್ಲಿನ ಸೆಟ್ ಇದ್ದರೆ ಅದನ್ನೂ ಒಯ್ಯಿರಿ. ಮೊಬೈಲ್‌ನಲ್ಲಿರುವ ಮೊದಲ ದಿನದ ಫೋಟೋ ತೋರಿಸಿ. ತಂಬಾಕು ಎಷ್ಟು ಅಂತ ಕೇಳಿದರೆ ಸರಿಯಾದ ಲೆಕ್ಕ ಹೇಳಿ. ಪಕ್ಕದಲ್ಲಿ ಅಪ್ಪ ಕೂತಿದ್ದಾರೆ, ಸೊಸೆ ಕೂತಿದ್ದಾಳೆ ಅಂತ ಕಡಿಮೆ ಮಾಡಿ ಹೇಳುವವರಿದ್ದಾರೆ. ಅಂಥವರು ಸ್ವಲ್ಪ ಹೊತ್ತು ಅವರನ್ನು ಹೊರಗೆ ಕೂರಿಸಿ.